ದೊಡ್ಡ ಮಾವನ ಬಸಳೆ ಪರದೆ

ನಮ್ಮ ದೊಡ್ಡ ಮಾವನಿಗೆ, ಅಂದರೆ ನನ್ನ ಮಾವನ ಅಣ್ಣನಿಗೆ, ಕಳ್ಳರ ಹೆದರಿಕೆ ಇರಲಿಲ್ಲ. ಪುತ್ತೂರು ಪೇಟೆಯಲ್ಲಿದ್ದೂ ಅವರ ಹಿತ್ತಲ ಬಾಗಿಲಿಗೆ ಚಿಲಕ ಬಿದ್ದದ್ದನ್ನು ನಾನು ನೋಡಿಲ್ಲ. ಅವರು ಹೆದರುತ್ತಿದ್ದುದು ಕಣ್ಣುಗಳಿಗೆ! ಬೇಕಾದರೆ ತೆಂಗಿನಕಾಯಿ ಕೊಂಡುಹೋಗಿ, ಅಂಗಳವನ್ನು ಮಾತ್ರ ನೋಡಬೇಡಿ ಎನ್ನುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕಾರಣವಿತ್ತು ಅನ್ನಿ. ಎಪ್ಪತ್ತರ ದಶಕದ ಕೊನೆ. ನಾನು ಮದುವೆಯಾಗಿ ಅವರ ಪಕ್ಕದ ಮನೆಗೆ ಬಂದ ಹೊಸತು. ದೊಡ್ಡತ್ತೆಗೆ ಪಕ್ಷವಾತವಾಗಿ ಎಡಗಾಲು ಎಳೆಯುವಂತಾಗಿತ್ತು. "ದಿನಾ ಅಂಗಳದಲ್ಲಿ ನಡೆಸಿ. ಕೂತಲ್ಲೇ ಕೂತರೆ ಆ ಕಾಲು ಮತ್ತೆ ಬರುದಿಲ್ಲ" ಎಂದಿದ್ದರು ಡಾಕ್ಟರು. ಆದರೆ ಅಂಗಳದ ಎದುರೇ ಬಸ್ ಸ್ಟಾಪು. ಕಡಬ, ಸುಬ್ರಹ್ಮಣ್ಯದ ಬಸ್ಸುಗಳೆಲ್ಲ ನಿಲ್ಲುವುದು ಅಲ್ಲೇ.

"ನಾನು ಬರುದಿಲ್ಲ. ಬಸ್ಸಿನವರಿಗೆ ನನ್ನ ನಡಿಗೆ ಸಿನೆಮಾ ಆಗುದು ಬೇಡ" ಎಂದರು ದೊಡ್ಡತ್ತೆ.

"ಒಂದು ಕಣ್ಣೂ ಬೀಳದ ಹಾಗೆ ಮಾಡ್ತೇನೆ. ಆಗ ಬರ್ತೀಯಾ?"

"ಮೊದಲು ಮಾಡಿ. ಮತ್ತೆ ನೋಡುವ."

ಅಷ್ಟೇ! ಮರುದಿನವೇ ತೆಂಗಿನ ಮಡಲು ಹೆಣೆದ ತಟ್ಟಿ ಎದ್ದು ನಿಂತಿತು. ಅಲ್ಲಿಯವರೆಗೆ ಆ ಅಂಗಳವನ್ನು ಯಾರೂ ತಿರುಗಿ ನೋಡಿದ್ದಿಲ್ಲ. ನೋಡಲು ಒಣಹಾಕಿದ ಅಡಿಕೆ ಬಿಟ್ಟರೆ ಇದ್ದದ್ದಾದರೂ ಏನು? ತಟ್ಟಿ ಬಂದದ್ದೇ ತಡ, ಒಳಗೆ ಎಂತದೋ ಉಂಟು ಎಂದು ಊರಿಗೆಲ್ಲ ಗೊತ್ತಾಯಿತು. ವಾರದೊಳಗೆ ತಟ್ಟಿಯಲ್ಲಿ ಬೆರಳು ತೂರುವ ತೂತುಗಳು. ಕಿಂಡಿಯಲ್ಲಿ ಇಣುಕುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಹಾಗಾಗಿ ನಾನು ಇಣುಕಲಿಲ್ಲ, ಎಣಿಸಿದೆ. ಹದಿನಾಲ್ಕು!

ಮುಂದಿನದು ದಾಸವಾಳ. ಗೆಲ್ಲು ನೆಟ್ಟು ಕಾಯುವ ತಾಳ್ಮೆ ಯಾರಿಗೆ? ಕೋಡಿಂಬಾಳದ ನೆಂಟರ ಬೇಲಿಯನ್ನೇ ಬುಡಸಮೇತ ಬಸ್ಸಿನ ಮೇಲೆ ಹೇರಿ ತಂದರು. ಗಿಡ ನಕ್ಕಿತು, ಹೂ ಬಿಟ್ಟಿತು. ಸುಬ್ರಹ್ಮಣ್ಯಕ್ಕೆ ಹೊರಟವರೆಲ್ಲ "ದೇವರಿಗೆ ಎರಡು ಹೂ ಮಾರಾಯ್ರೆ" ಎನ್ನುತ್ತ ಬೇಲಿಯೊಳಗೆ ಕೈ ತೂರಿದರು, ಕೈಯ ಹಿಂದೆ ತಲೆಯೂ ಬಂತು. ದೇವರ ಹೆಸರು ಹೇಳಿ ಬಂದ ತಲೆಯನ್ನು ಬೈಯುವುದು ಹೇಗೆ? ದೊಡ್ಡತ್ತೆ ಕಿಟಕಿಯಿಂದ ಕದಲಲಿಲ್ಲ.

ಕೊನೆಗೆ ಬಸಳೆ. ಆಳೆತ್ತರಕ್ಕೆ ಬಿದಿರು ಹೂಡಿ ಬಳ್ಳಿ ಹಬ್ಬಿಸಿದರು. ಮಳೆಗಾಲ ಬೇರೆ, ಅದು ಹಬ್ಬಿದ ಚೆಂದವೇನು, ದಪ್ಪವೇನು! ಬಸ್ಸಿನ ಕಿಟಕಿಗಳು ಪೂರಾ ಮುಚ್ಚಿಹೋದವು. ಒಂದು ಸಂಜೆ ದೊಡ್ಡತ್ತೆ ನನ್ನ ಕೈ ಹಿಡಿದು ಮೊದಲ ಮೆಟ್ಟಿಲು ಇಳಿದರು. ಎರಡನೆಯದೂ ಇಳಿದರು. ಆಗ ಆಕಾಶದಿಂದ ಒಂದು ದನಿ:

"ಅಮ್ಮಾ, ಕಾಲು ಹೇಗುಂಟು ಈಗ?"

ಬಸ್ಸಿನ ಮೇಲೆ ಹತ್ತಿ ಹಲಸಿನಹಣ್ಣು ಕಟ್ಟುತ್ತಿದ್ದ ಕಂಡಕ್ಟರು! ಪಾಪ, ಪ್ರೀತಿಯಿಂದಲೇ ಕೇಳಿದ್ದು. ದೊಡ್ಡತ್ತೆ ಒಳಗೆ ಹೋದವರು ತಿಂಗಳು ಹೊರಗೆ ಬರಲಿಲ್ಲ. ದೊಡ್ಡ ಮಾವ ಬಹಳ ಹೊತ್ತು ಮೇಲೆ ನೋಡುತ್ತ ನಿಂತರು. "ಇನ್ನು ಮೇಲೆಯೂ ತಟ್ಟಿ ಕಟ್ಟುದಾ?" ಎಂದು ನನ್ನನ್ನೇ ಕೇಳಿದರು. ತಮಾಷೆಯಲ್ಲ, ಅಳತೆ ಮನಸ್ಸಿನಲ್ಲಿ ನಡೆದಿತ್ತು.

ಅಷ್ಟರಲ್ಲಿ ಬಸಳೆಯ ಸುದ್ದಿ ಹರಡಿತು. ಜನರನ್ನು ದೂರ ಇಡಲು ನೆಟ್ಟ ಬಳ್ಳಿ ಜನರನ್ನೇ ಕರೆಯತೊಡಗಿತು. ಒಂದು ಬೆಳಿಗ್ಗೆ ರಸ್ತೆಯಾಚೆಯ ಐಸಮ್ಮ ಬಂದು, "ನೆಂಟರು ಬಂದಿದ್ದಾರೆ, ನಾಲ್ಕು ದಂಟು" ಎನ್ನುತ್ತ ಬಳ್ಳಿಗೆ ಕೈಹಾಕಿ ಬುಡದಿಂದಲೇ ಜಗ್ಗಿದರು.

"ಅಯ್ಯೋ, ಎಂತ ಮಾಡುದು ನೀನು? ಎಳೆಯುದಲ್ಲ ಅದು! ಗಂಟು ಬಿಟ್ಟು ಮೇಲಿಂದ ಮುರಿಯುದು!"

ದೊಡ್ಡತ್ತೆ! ಗೋಡೆ ಹಿಡಿದು, ಮೂರೂ ಮೆಟ್ಟಿಲು ಇಳಿದು, ಕಾಲೆಳೆಯುತ್ತ, ಬೈಯುತ್ತ, ಬಸಳೆಯವರೆಗೆ ನಡೆದೇ ಬಂದಿದ್ದರು. ದೊಡ್ಡ ಮಾವ ಬಾಯಲ್ಲಿ ಹಗ್ಗ ಕಚ್ಚಿಕೊಂಡು ಬಿದಿರು ಕಟ್ಟುತ್ತಿದ್ದವರು ಹಾಗೇ ನಿಂತರು. ಹಗ್ಗ ಬಾಯಲ್ಲೇ ಇತ್ತು.

"ನನಗೆಂತ ಗೊತ್ತು ಅಕ್ಕ, ಇನ್ನೊಮ್ಮೆ ತೋರಿಸಿ" ಎಂದರು ಐಸಮ್ಮ, ಮಗುವಿನ ಹಾಗೆ.

ಮರುದಿನವೂ ಬಂದರು, ಮತ್ತೆ ತಪ್ಪಾಗಿಯೇ ಕಿತ್ತರು. ಮೂರನೆಯ ದಿನವೂ. "ಇವಳಿಗೆ ಮಂಡೆಯೇ ಇಲ್ಲ" ಎನ್ನುತ್ತ ದೊಡ್ಡತ್ತೆ ದಿನಾ ಇಳಿದರು. ಐಸಮ್ಮನ ಬಾವಿಕಟ್ಟೆಯ ಬಳಿ ನಮ್ಮದಕ್ಕಿಂತ ದೊಡ್ಡ ಬಸಳೆ ಚಪ್ಪರವಿದೆಯೆಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಇಣುಕುವುದಷ್ಟೇ ಪಾಪ, ಸುಮ್ಮನಿರುವುದರ ಬಗ್ಗೆ ಸಿಸ್ಟರುಗಳು ಏನೂ ಹೇಳಿರಲಿಲ್ಲ.

ಆ ಭಾನುವಾರ ಹೋದಾಗ ದೊಡ್ಡ ಮಾವ ದೊಡ್ಡತ್ತೆಯ ಕುರ್ಚಿಯನ್ನು ಅಂಗಳಕ್ಕೆ ತಂದು, ತಾವೇ ಅದರಲ್ಲಿ ಕುಗ್ಗಿ ಕೂತಿದ್ದರು. ಕೈಯಲ್ಲಿ ಕತ್ತಿ. ಎದುರಿನ ಬಸಳೆಯನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಎಂತ ಮಾಡುದು ಮಾವ?"

"ಒಂದು ಕಿಂಡಿ ಬಿಡುವ ಅಂತ. ಅವಳು ನನಗಿಂತ ನಾಲ್ಕು ಬೆರಳು ಗಿಡ್ಡ. ಕೂತರೆ ಅವಳ ಕಣ್ಣು ಎಲ್ಲಿಗೆ ಬರ್ತದೆ, ನೋಡಿ ಹೇಳು ನೋಡುವ."