ನವಾಬನಿಗೊಂದು ಕೂಲರ್

ಜೇವರ್ಗಿಯ ಷಡ್ಡಕ ಮನೆಗೆ ಎಸಿ ಹಾಕಿಸಿದನೆಂಬ ಸುದ್ದಿ ಬಂದ ದಿನದಿಂದ ಅಫಜಲಪುರದ ರಾಜೇಸಾಬನಿಗೆ ಬಿಸಿಲು ಜಾಸ್ತಿ ತಾಗತೊಡಗಿತು. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ, ಮುಜಮ್ಮಿಲ, ಸಿಮೆಂಟಿನ ವ್ಯಾಪಾರಿ. ರಾಜೇಸಾಬನದು ಬಳೆ ಅಂಗಡಿ. (ಬಳೆ ಮಾರಿ ಎಸಿ ಹಾಕಿಸಿದವರನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ.) ಆದರೂ ಏನಾದರೊಂದು ಮಾಡಲೇಬೇಕಿತ್ತು. ಬಳೆ ತರಲು ಸೊಲ್ಲಾಪುರಕ್ಕೆ ಹೋದವನು ಗಾಜಿನ ತೊಟ್ಟಿ, ಪಂಪು, ಸಮುದ್ರದ ಉಪ್ಪಿನ ಚೀಲ ಮತ್ತು ಬೆರಳುದ್ದದ ಒಂದು ಮೀನಿನೊಡನೆ ಬಂದಿಳಿದ. ಕೇಸರಿ ಮೈ, ಮೂರು ಬಿಳಿ ಪಟ್ಟಿ. ಹವಳದ ದಿಬ್ಬಗಳ ಖಾನದಾನಿ ಕುಳ. ನವಾಬ ಎಂದು ನಾಮಕರಣವೂ ಆಯಿತು.

"ಹೋಗಿದ್ದು ಬಳೀಗಿ, ತಂದಿದ್ದೇನ್ರಿ ಇದು? ಸಾರಿಗೂ ಸಾಲಂಗಿಲ್ಲ," ಎಂದಳು ಹೆಂಡತಿ ಕುಲಸುಮಬಿ.

"ಬಾಯಿ ತೊಳಕೋ ಬೇ! ಸಮುದ್ರದ ಮೀನದು. ಮುಜಮ್ಮಿಲನ ಎಸಿ ಒಳಗ ಏನದ? ಬರೇ ಗಾಳಿ! ಬರೋ ಜುಮ್ಮಾಕ್ಕ ಅವ್ರನ್ನ ದಾವತ್‌ಗಿ ಕರಿ. ಬಂದು ನೋಡ್ಲಿ."

ಶುಕ್ರವಾರದ ಜುಮ್ಮಾ ಬಂತು, ಬೆಂಕಿಯಂಥ ಬಿಸಿಲೂ ಬಂತು. ತೊಟ್ಟಿಯ ನೀರು ಬೆಚ್ಚಗಾಗಿ ನವಾಬ ಮೇಲೆ ಬಂದು ಬಾಯಿ ಬಿಡತೊಡಗಿದ. ಫೋನಿನಲ್ಲಿ ಸೊಲ್ಲಾಪುರದ ಮೀನಂಗಡಿಯವನು, "ನೀರಿಗಿ ಗಾಳಿ ಬಡೀಲ್ರಿ, ತಂಪಾಗ್ತದ," ಎಂದ. ಮನೆಗಿದ್ದುದು ಒಂದೇ ಕೂಲರ್. ಅದು ಸ್ಟೂಲೇರಿ ತೊಟ್ಟಿಗೆ ಮುಖ ಮಾಡಿ ನಿಂತಿತು.

ಬೀಗರು ಬಂದು ಕುಳಿತರು, ಬೆವೆತರು.

"ಭಾಯಿಸಾಬ್, ಕೂಲರ್ ಜರಾ ಈ ಕಡಿ..." ಎಂದ ಮುಜಮ್ಮಿಲ.

"ಅದು ಮೀನಿಂದು ಮಿಯಾ."

ಮುಜಮ್ಮಿಲ ಮೆಲ್ಲಗೆ ಸರಿದು, ಉಳಿದ ಗಾಳಿಯಾದರೂ ಸಿಗಲೆಂದು ತೊಟ್ಟಿಯ ಹಿಂದೆ ಕುಳಿತ. ಗಾಜಿನಾಚೆ ಅವನ ಕೆನ್ನೆ ಅಗಲವಾಗಿ ಹರಡಿತು. ಗಡ್ಡ ಅಲುಗುತ್ತಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು, ಮೂಗಿನ ಮೇಲೆ ನವಾಬ ಹಾದುಹೋದ. ಹೆಚ್ಚು ಸಂಕಟದಲ್ಲಿರುವವರು ಯಾರೆಂದು ರಾಜೇಸಾಬನಿಗೂ ಕ್ಷಣಕಾಲ ತಿಳಿಯಲಿಲ್ಲ.

ಅಡುಗೆಮನೆಯಿಂದ ಕುಲಸುಮಬಿ ಹಲ್ಲು ಕಚ್ಚಿ, "ಬಂದವ್ರು ಬೇಯಾಕತ್ತಾರ, ಮೀನು ತಂಪದ. ಬಿರ್ಯಾನಿ ಯಾರ್ದು ಮಾಡ್ಲಿ ಹೇಳ್ರಿ!" ಎಂದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಕೂಲರ್ ನಿಂತಿತು, ಪಂಪು ನಿಂತಿತು. ನವಾಬ ಒಂದು ಕಡೆಗೆ ವಾಲಿ ಕೆಳಗಿಳಿಯತೊಡಗಿದ. ರಾಜೇಸಾಬ ಬೀಸಣಿಕೆ ಹಿಡಿದು ತೊಟ್ಟಿಗೆ ಬೀಸಿದ. ಬೀಗರು ಸೆರಗು, ಟೋಪಿ ಬೀಸಿಕೊಳ್ಳುತ್ತ ಅವನನ್ನೇ ನೋಡಿದರು.

ಕುಲಸುಮಬಿಯ ತಂಗಿ ನಜಮುನ್ನಿಸಾ ನೋಡಲಾರದೆ ಎದ್ದು ಬಂದಳು. "ಭಾಯಿಸಾಬ್, ನಮ್ಮನಿಗಿ ಕಳಸ್ರಿ. ಇನ್ವರ್ಟರ್ ಅದ, ಎಸಿನೂ ಅದ."

ಆ ಎರಡಕ್ಷರ ರಾಜೇಸಾಬನ ಎದೆಗೆ ನಾಟಿತು. ಬೀಸಿದ, ಬೀಸಿದ. ನವಾಬ ಒಮ್ಮೆ ಬಾಯಿ ತೆರೆದವನು ಬಹಳ ಹೊತ್ತು ಮುಚ್ಚಲೇ ಇಲ್ಲ. ರಾಜೇಸಾಬನ ಕೈಯಿಂದ ಬೀಸಣಿಕೆ ಜಾರಿತು.

"ಒಯ್ರಿ," ಎಂದ, ಮಗಳನ್ನು ಗಂಡನ ಮನೆಗೆ ಕಳಿಸುವ ದನಿಯಲ್ಲಿ.

"ನೀರಿಗಿ ಉಪ್ಪು ನಾನ ಹಾಕ್ತೇನಿ, ಚಿಂತಿ ಮಾಡಬ್ಯಾಡ್ರಿ," ಎಂದಳು ನಜಮುನ್ನಿಸಾ.

ರಾಜೇಸಾಬ ಹೌಹಾರಿದ. "ಅಂದಾಜಿನಾಗ ಹಾಕಾಕ ಅದೇನ್ ಸಾರೇನವ್ವಾ? ಯಾರೂ ಮುಟ್ಟಬ್ಯಾಡ್ರಿ. ವಾರಕ್ಕೊಮ್ಮಿ ನಾನ ಬರ್ತೇನಿ!"

ಕೊಟ್ಟ ಮಾತಿನಂತೆ ಪ್ರತಿ ಜುಮ್ಮಾ ನಮಾಜು ಮುಗಿಸಿ ಅಂಗಡಿಗೆ ಬೀಗ ಹಾಕಿ ಜೇವರ್ಗಿಯ ಬಸ್ಸು ಹತ್ತುತ್ತಾನೆ, ತೊಟ್ಟಿ ತೊಳೆದು ಉಪ್ಪು ಅಳೆದು ನೀರು ತುಂಬುತ್ತಾನೆ. ಕುಲಸುಮಬಿಯೂ ಜೊತೆಗೆ ಬರುತ್ತಾಳೆ, ಮೀನಿನ ಮೇಲಿನ ಮಮತೆಯಿಂದಲ್ಲ; ಬಂದವಳೇ ಎಸಿಯ ಕೆಳಗೆ ಕಾಲು ಚಾಚುತ್ತಾಳೆ.

ಮೊನ್ನೆ ಯಡ್ರಾಮಿಯಿಂದ ಸಿಮೆಂಟಿನ ಗಿರಾಕಿ ಬೀರಣ್ಣ ಬಂದಿದ್ದ. ತಂಪಿನಲ್ಲಿ ದುಂಡಗಾಗಿ ಸುತ್ತು ಹಾಕುತ್ತಿದ್ದ ನವಾಬನನ್ನು ಕಂಡು, "ಏನ್ ಚಂದ ಅದರಿ ನಿಮ್ಮ ಮೀನು!" ಎಂದ.

"ಹೌದ್ರಿ, ನಮ್ದ," ಎಂದ ಮುಜಮ್ಮಿಲ, ಸಂಕೋಚವಿಲ್ಲದೆ.

ಪೈಜಾಮ ಮೊಣಕಾಲಿಗೇರಿಸಿ ಬಕೆಟ್ಟು ಹಿಡಿದು ನಿಂತಿದ್ದ ರಾಜೇಸಾಬನತ್ತ ಬೀರಣ್ಣ ತಿರುಗಿದ. "ಕೆಲಸ ಸ್ವಚ್ಛ ಅದ ನೋಡಪ್ಪಾ ನಿಂದು. ನಮ್ಮನ್ಯಾಗೂ ಒಂದು ಮೀನಿನ ತೊಟ್ಟಿ ಅದ, ಪಾಚಿ ಕಟ್ಯಾದ. ಬರ್ತೀಯೇನು?"

ರಾಜೇಸಾಬ ತನ್ನ ಮನೆತನ, ಅಂಗಡಿ, ಬೀಗತನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಎಸಿಯ ಕೆಳಗಿನಿಂದ, ಕಣ್ಣನ್ನೂ ತೆರೆಯದೆ, ಕುಲಸುಮಬಿ ಕೇಳಿದಳು:

"ನಿಮ್ಮನ್ಯಾಗ ಎಸಿ ಅದ ಏನ್ರಿ?"