ಭಾವನ ಪೆಂಗ್ ಶಾಸ್ತ್ರ

ಚೀನಾ ದೇಶ ಎಲ್ಲಿದೆ ಎಂದು ಕೇಳಿದರೆ ನಮ್ಮ ಭಾವ ಬೀರೂರಿನ ಕಡೆ ಕೈ ತೋರಿಸುತ್ತಾರೆ. ಆದರೂ ಆ ದೇಶವನ್ನು ಎಳೆದು ತಂದು ಚಿಕ್ಕಜಾಜೂರಿನ ತಮ್ಮ ನಡುಮನೆಯಲ್ಲಿ ಕೂರಿಸಿದ ಗಂಡುಗಲಿ ಅವರೊಬ್ಬರೇ! ನಾನು ಏಳನೇ ಕ್ಲಾಸಿಗೆ ಪುಸ್ತಕ ಬಿಸಾಕಿ ಕರಣೆ ಹಿಡಿದ ಗಾರೆ ಕೆಲಸದವನು. ಹೊಳಲ್ಕೆರೆಯಿಂದ ದುರ್ಗದವರೆಗೆ ನಾನು ಎಬ್ಬಿಸಿದ ಗೋಡೆಗಳಲ್ಲಿ ಒಂದಾದರೂ ಬಿರುಕು ಬಿಟ್ಟಿದ್ದರೆ ತೋರಿಸಿ. ಅಂಥ ನನಗೇ ಮನೆ ಹೇಗಿರಬೇಕೆಂದು ಪಾಠ ಹೇಳಿದರಲ್ಲ, ಅವರ ಧೈರ್ಯಕ್ಕೆ ಏನೆನ್ನಲಿ?

ಇದಕ್ಕೆಲ್ಲ ಕಾರಣ ಅಕ್ಕನ ಮಂಡಿ. ಚಿಕೂನ್‌ಗುನ್ಯಾ ಊರಿಗೆಲ್ಲ ಬಂದು ಹೋಯಿತು, ಅಕ್ಕನ ಮಂಡಿಯಲ್ಲಿ ಮಾತ್ರ ಬಿಡಾರ ಹೂಡಿತು. ಮೂರು ತಿಂಗಳು ಅವಳು ಮಂಚ ಬಿಟ್ಟು ಇಳಿಯಲಿಲ್ಲ. ಮೂಳೆಗೇನೂ ಆಗಿಲ್ಲ, ತಾನಾಗಿ ಎದ್ದು ನಡೆಯಬೇಕು, ಹೀಗೇ ಮಲಗಿದ್ದರೆ ಕೀಲು ಬಿಗಿದುಕೊಂಡು ಆಮೇಲೆ ಬೇಕೆಂದರೂ ಏಳಲಾಗದು ಎಂದರು ದುರ್ಗದ ಡಾಕ್ಟರು. ಅಕ್ಕ ಕೇಳಬೇಕಲ್ಲ! "ಬಿದ್ರೆ?" ಎನ್ನುವಳು, ಗೋಡೆ ಕಡೆ ತಿರುಗಿಕೊಳ್ಳುವಳು.

ಭಾವನಿಗೆ ಸ್ಟೇಷನ್ ಎದುರು ಸೈಕಲ್ ಶಾಪು. ಒಂದು ದಿನ ರೈಲು ಮೂರು ಗಂಟೆ ತಡವಾಗಿ, ಫೆಂಗ್ ಶುಯಿ ಸಾಮಾನು ಮಾರುವವನೊಬ್ಬ ಬಂದು ಅವರ ಬೆಂಚಿನ ಮೇಲೆ ಕುಳಿತ. ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಮಗೆ ಈ ಕಥೆಯೇ ಇರುತ್ತಿರಲಿಲ್ಲ! ಸಂಜೆ ಭಾವ ಕಂಕುಳಲ್ಲಿ ಒಂದು ಡೊಳ್ಳುಹೊಟ್ಟೆಯ ನಗುವ ಬುದ್ಧನನ್ನು ಇಟ್ಟುಕೊಂಡು ಮನೆಗೆ ಬಂದರು.

"ಇದು ಪೆಂಗ್ ಸುಯ್ಯಿ ಕಣೆ. ಚೀನಾದೋರ ವಾಸ್ತು. ಮನೆ ಸರಿ ಇಟ್ಕಂಡ್ರೆ ಮೈ ತಾನೇ ಸರಿ ಹೋಗ್ತೈತಂತೆ."

"ಪೆಂಗ ಆಗೋಕೂ ಶಾಸ್ತ್ರ ಐತೇನ್ರೀ? ನಿಮಗೆ ಹುಟ್ಟಿನಿಂದ್ಲೇ ಬಂದೈತಲ್ಲ!"

"ದಿನಾ ಬೆಳಿಗ್ಗೆ ಈತನ ಹೊಟ್ಟೆ ಸವರಬೇಕು. ಕಾಯಿಲೆ ಹೋಗ್ತೈತೆ."

ಅಕ್ಕ ಆ ಹೊಟ್ಟೆಯನ್ನು ಬಹಳ ಹೊತ್ತು ನೋಡಿದಳು. "ಮೊದ್ಲು ಇವನನ್ನೇ ಡಾಕ್ಟ್ರಿಗೆ ತೋರಿಸ್ರಿ," ಎಂದಳು.

ಮರುವಾರ ನನಗೆ ಬುಲಾವು. ಮನೆಯೊಳಗೆ ಚೈತನ್ಯ ಹರಿಯಬೇಕಂತೆ, ನಾನು ಕೂರಿಸಿದ ಹೊಸಿಲು ಅದಕ್ಕೆ ಅಡ್ಡವಂತೆ!

"ಒಡೆದು ಹಾಕಪ್ಪ, ಎರಡಿಂಚು ತಗ್ಗಿಸಾಣ."

"ಬಾವ, ಆ ಹೊಸಿಲಿನ ಮೇಲೆ ಆನೆ ನಿಂತ್ರೂ ಅಲ್ಲಾಡಂಗಿಲ್ಲ. ನಿಮ್ಮ ಚೈತನ್ಯಕ್ಕೆ ಕಾಲೆತ್ತಿ ದಾಟೋಕೆ ಹೇಳ್ರಿ!"

"ನಿಂಗೇನು ಗೊತ್ತಲೇ, ಏಳನೇ ಕ್ಲಾಸು."

"ನೀವು ಎಂಟಾ?"

"ಎಂಟು ಫೇಲು," ಎಂದರು ಗಂಭೀರವಾಗಿ. ಅಂದರೆ ನನಗಿಂತ ಒಂದು ಮೆಟ್ಟಿಲು ಮೇಲೆ!

ಕೊನೆಗೆ ಹೊಸಿಲು ಉಳಿಯಿತು. ಅದರ ಬದಲು ಕಿಟಕಿ ಮುಚ್ಚಿಕೊಂಡಿದ್ದ ಶೇಂಗಾ ಚೀಲ, ಹಳೇ ಟೈರು, ಮುರಿದ ಸೈಕಲ್ಲು, ಎಲ್ಲವನ್ನೂ ಇಬ್ಬರೂ ಹೊತ್ತು ಹೊರಗೆ ಹಾಕಿದೆವು. ಗಾಳಿ ಬಂತು, ಬೆಳಕು ಬಂತು. ನನಗೆ ಬೆನ್ನುನೋವು ಬಂತು. ಅಕ್ಕ ಮಾತ್ರ ಏಳಲಿಲ್ಲ.

ಆ ಮಾರುವವನು ಹೇಳಿಹೋದದ್ದರಲ್ಲಿ ಇನ್ನು ಉಳಿದದ್ದು ಬಾಗಿಲಿಗೆ ಗಾಳಿಗಂಟೆ. ಚೀನಾದ ಗಂಟೆಗಾಗಿ ಮತ್ತೆ ರೈಲು ತಡವಾಗಲೆಂದು ಕಾಯುವುದೇ? ಭಾವ ಬೀದಿ ಕೊನೆಯ ಕುರಿಗಾರನ ಹತ್ತಿರ ಹೋಗಿ, ಹಿಂಡಿನ ಮುಂದಿನ ಟಗರಿನ ಕೊರಳಿಂದ ನಾಲ್ಕು ಹಿತ್ತಾಳೆ ಗಂಟೆ ಬಿಚ್ಚಿಸಿಕೊಂಡು ಬಂದು ಬಾಗಿಲಿಗೆ ಸಾಲಾಗಿ ಕಟ್ಟಿದರು. "ಗಂಟೆಗೆ ಜಾತಿ ಐತೇನಲೇ?" ಎಂದು ನನ್ನನ್ನೇ ಕೇಳಿದರು. ಜಾತಿ ಇರಲಿಲ್ಲ ನಿಜ. ಆದರೆ ಆ ಹಿಂಡಿನ ಅರವತ್ತು ಕುರಿಗಳು ವರ್ಷಗಟ್ಟಲೆ ಅದೇ ಸದ್ದಿನ ಹಿಂದೆ ನಡೆದಿದ್ದವು!

ಸಂಜೆ ನಾವಿಬ್ಬರೂ ಕಟ್ಟೆ ಮೇಲೆ ಚಹಾ ಕುಡಿಯುತ್ತಿದ್ದೆವು. ಕುರಿಗಳು ಮೇದು ಬೀದಿಯಲ್ಲಿ ವಾಪಸು ಬರುತ್ತಿದ್ದವು. ಗಾಳಿ ಬೀಸಿತು. ಗಂಟೆ ಆಡಿತು. ಮುಂದಿನ ಕುರಿ ನಿಂತು ಕಿವಿ ನಿಮಿರಿಸಿ, ಠಕ್ಕನೆ ನಮ್ಮ ಕಡೆ ತಿರುಗಿತು. ಹಿಂದಿನವು ಕೇಳುತ್ತವೆಯೇ? ನಾನು ಕೂರಿಸಿದ ಹೊಸಿಲನ್ನು ಅರವತ್ತೂ ಒಂದೊಂದಾಗಿ ಹಾರಿದವು! ತಡೆಯಲು ಹೋದ ಭಾವ ಉಣ್ಣೆಯ ಹೊಳೆಯಲ್ಲಿ ಸೊಂಟದವರೆಗೆ ಮುಳುಗಿದರು. ಕುರಿಗಾರ ಹೊರಗಿನಿಂದ "ಯಾರಲೇ ನನ್ನ ಕುರಿ ಕರೆದೋನು?" ಎಂದು ಬೈಯುತ್ತಿದ್ದ.

ಒಳಗೆ ನಡುಮನೆಯಲ್ಲಿ ಒಣಗಲು ರಾಗಿ ಹರವಿತ್ತು.

"ಏಯ್, ಥೂ! ರಾಗಿ ಮುಕ್ಕ್ತಾವೆ ಕಣ್ರೀ! ಎಲ್ಲಿ ಸತ್ರಿ ಇಬ್ರೂ?"

ಕುರಿಗಳ ತಲೆಯ ಮೇಲಿಂದ ಬಗ್ಗಿ ನೋಡಿದೆ. ಅಕ್ಕ ನಿಂತಿದ್ದಳು! ಒಂದು ಕೈ ಗೋಡೆಗೆ, ಇನ್ನೊಂದು ಕೈಯಲ್ಲಿ ಪೊರಕೆ. ಒಂದು ಹೆಜ್ಜೆ, ಒಂದು ಏಟು. ಇನ್ನೊಂದು ಹೆಜ್ಜೆ, ಇನ್ನೊಂದು ಏಟು. ಕೊನೆಯ ಕುರಿಯನ್ನು ಬಾಗಿಲು ದಾಟಿಸುವಷ್ಟರಲ್ಲಿ ನಡುಮನೆಯನ್ನೆಲ್ಲ ನಡೆದಿದ್ದಳು.

ಭಾವ ಬೀದಿಗೇ ಕೇಳುವಂತೆ ಕೂಗಿದರು: "ನೋಡಿದ್ಯೇನಲೇ ಚೈತನ್ಯಾನಾ? ಹೆಂಗೆ ಹರೀತು! ಗೆದ್ದೆ ಕಣಲೇ!"

ಗೆದ್ದರು, ಒಪ್ಪಿಕೊಂಡೆ. ಇಡೀ ಬೀದಿಯೇ ಒಪ್ಪಿಕೊಂಡಿತು, ಕುರಿಗಾರನೊಬ್ಬನನ್ನು ಬಿಟ್ಟು!

ಆಗ ಅಕ್ಕ ಪೊರಕೆ ಕೆಳಗಿಟ್ಟು ತನ್ನ ಕಾಲನ್ನು ತಾನೇ ನೋಡಿಕೊಂಡಳು. "ಬಚ್ಚಲಿಗೆ ಹೋಗಿ ಮುಖ ತೊಳ್ಕಂಡು ಬತ್ತೀನಿ," ಎಂದಳು. ಮೂರು ತಿಂಗಳಿಂದ ಮಂಚದ ಹತ್ತಿರವೇ ಬಿಸಿನೀರು ತಂದು ಅವಳ ಮುಖ ಒರೆಸುತ್ತಿದ್ದವರು ಭಾವ. ಅವರು ಕೈ ಚಾಚಿದರು.

"ಬ್ಯಾಡ ಬಿಡ್ರಿ. ನಾನೇ ಹೋಗ್ತೀನಿ."

ಅವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಅವಳು ನಿಧಾನಕ್ಕೆ ನಡೆದಳು. ಭಾವ, ಆಗತಾನೇ ನಡೆಯಲು ಕಲಿತ ಕೂಸಿನ ಹಿಂದೆ ಹೋಗುವವರಂತೆ, ಎರಡೂ ತೋಳು ಅಗಲಿಸಿಕೊಂಡು, ಅವಳಿಗೆ ಗೊತ್ತಾಗದಂತೆ ಒಂದೇ ಹೆಜ್ಜೆ ಹಿಂದೆ ಬಚ್ಚಲಿನವರೆಗೂ ಹೋದರು.