ಅರ್ಧ ಆಳು

ಮೂವತ್ತೊಂದು ವರ್ಷ ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಈ ಊರಿನ ವಕೀಲರು, ಅಡತಿ ಅಂಗಡಿಯವರು, ಸಕ್ಕರೆ ಕಾರ್ಖಾನೆಯ ಗುಮಾಸ್ತರು, ಇವರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಮುಂಜಾನೆ ನನ್ನ ಸೀಟಿಗೆ ಮೈದಾನ ಸುತ್ತಿದವರೇ. ಸುಸ್ತಾಯಿತು ಎಂದು ಬಂದವರಿಗೆಲ್ಲ ನಾನು ಕೊಡುತ್ತಿದ್ದುದು ಒಂದೇ ಔಷಧ: ಇನ್ನೆರಡು ಸುತ್ತು. ಅವರ ಶಾಪ ನನಗೆ ತಟ್ಟಲು ಅರವತ್ತಾರನೇ ವರ್ಷ ಬರಬೇಕಾಯಿತು.

ಆ ವರ್ಷ, ಅಂದರೆ ೧೯೯೨ರ ಆರಂಭದಲ್ಲಿ, ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಮಿರಜದ ಡಾಕ್ಟರರು ಹೇಳಿದರು. ಈ ಗ್ರಂಥಿ ಗಂಡಸರಿಗೆ ಮಾತ್ರ ಇರುತ್ತದೆ ಎಂದೂ ವಿವರಿಸಿದರು. (ದೇವರು ಇದೊಂದನ್ನಾದರೂ ಹೆಂಗಸರ ತಲೆಗೆ ಕಟ್ಟದೆ ಬಿಟ್ಟನಲ್ಲ ಎಂದು ನನ್ನ ಹೆಂಡತಿ ಮುತ್ತವ್ವ ಬಸ್ಸಿನಲ್ಲಿ ಬರುವಾಗ ಅಂದಳು. ಅಂದು ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.) ಮೊದಲು ಏಳು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಆಮೇಲೆ ಗಂಡಸುತನದ ರಸವನ್ನೇ ಬಂದ್ ಮಾಡುವ ಇಂಜೆಕ್ಷನ್ನು, ತಿಂಗಳಿಗೊಂದರಂತೆ ಹದಿನೆಂಟು ತಿಂಗಳು. ೧೯೯೩ರ ದೀಪಾವಳಿಗೆ ಅದೂ ಮುಗಿಯಿತು. ರಕ್ತದ ರಿಪೋರ್ಟು ಚೆನ್ನಾಗಿತ್ತು. ರೋಗ ಹೋಗಿತ್ತು. ಹೋಗುವಾಗ ನನ್ನ ತೋಳುಗಳನ್ನೂ ಜೊತೆಗೆ ಒಯ್ದಿತ್ತು.

ಅಂಗಿಯ ತೋಳಿನಲ್ಲಿ ಈಗ ಎರಡು ನುಗ್ಗೆಕಾಯಿ ಇಳಿಬಿದ್ದಿದ್ದವು. ತೋಳಿನ ಮಾಂಸವೆಲ್ಲ ಹೊಟ್ಟೆಗೆ ವರ್ಗವಾಗಿತ್ತು. ದಣಿವಂತೂ ದುಡಿದು ಬರುವ ದಣಿವಲ್ಲ. ದುಡಿದ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ. ಇದು ನಾನು ನಿದ್ದೆ ಮಾಡಿ ಏಳುವುದನ್ನೇ ಹಾಸಿಗೆಯ ಪಕ್ಕ ಕುಳಿತು ಕಾಯುತ್ತಿತ್ತು. ಅಂಗಿಯ ಐದು ಗುಂಡಿ ಹಾಕಲು ನಡುವೆ ಒಂದು ವಿರಾಮ ಬೇಕಿತ್ತು. ಇದರ ಮೇಲೆ ದಿನಕ್ಕೆ ಏಳೆಂಟು ಸಲ ಮೈಯೊಳಗಿಂದ ಝಳ ಎದ್ದು, ಮುಖ ಕೆಂಪಾಗಿ, ಬೆವರು ಕಿತ್ತುಕೊಂಡು ಬರುತ್ತಿತ್ತು. ಕೇಳಿದವರಿಗೆ ಬಿಸಿಲು ಎನ್ನುತ್ತಿದ್ದೆ. ಜನವರಿ ತಿಂಗಳ ಬಿಸಿಲು.

ಔಷಧದ ಪ್ರಭಾವ ಮೈಬಿಟ್ಟು ಹೋಗಲು ಇನ್ನೂ ಕೆಲವು ತಿಂಗಳು ಬೇಕು, ಅಲ್ಲಿಯವರೆಗೆ ಸ್ವಲ್ಪ ನಡೆಯಿರಿ, ಸ್ವಲ್ಪ ಭಾರ ಎತ್ತಿ, ದಣಿವಾಗುವ ಮೊದಲೇ ಕುಳಿತುಕೊಳ್ಳಿ, ಮತ್ತೆ ಎದ್ದು ಮಾಡಿ ಎಂದು ಡಾಕ್ಟರರು ಹೇಳಿದ್ದರು. ದಣಿವಾಗುವ ಮೊದಲೇ ಕುಳಿತುಕೊಳ್ಳುವುದು ನನ್ನ ಶಾಸ್ತ್ರದಲ್ಲಿ ಶಿಕ್ಷಾರ್ಹ ಅಪರಾಧವಾಗಿತ್ತು. ಮರುದಿನ ಬೆಳಿಗ್ಗೆಯೇ ಹಿತ್ತಲಲ್ಲಿ ನಿಂತು ಐವತ್ತು ಬೈಠಕ್ಕಿನ ಸಂಕಲ್ಪ ಮಾಡಿದೆ. ಮೂವತ್ತನಾಲ್ಕನೆಯದರಲ್ಲಿ ಕೆಳಗೆ ಹೋದವನು ಮೇಲೆ ಬರಲಿಲ್ಲ. ಮೂರು ದಿನ ಹಾಸಿಗೆ ಹಿಡಿದೆ.

"ಡಾಕ್ಟರ ಸೊಲ್ಪ ಮಾಡ್ರಿ, ಸೊಲ್ಪ ಕುಂಡ್ರಿ ಅಂದಿದ್ರು," ಎಂದಳು ಮುತ್ತವ್ವ, ಗಂಜಿಯ ಬಟ್ಟಲು ಮುಂದಿಡುತ್ತ. "ನೀವು ಎಲ್ಲಾ ಒಮ್ಮೇ ಮಾಡಿ, ಎಲ್ಲಾ ಒಮ್ಮೇ ಕುಂತ್ರಿ. ಲೆಕ್ಕ ಬರೋಬರಿ ಆತು."

ಹೀಗಿರುವಾಗ ಬೇಸಿಗೆ ಬಂತು, ಬೇಸಿಗೆಯೊಂದಿಗೆ ಶಾವಿಗೆ ಬಂತು. ನಮ್ಮ ಓಣಿಯಲ್ಲಿ ಶಾವಿಗೆಯನ್ನು ಯಾರೂ ಒಬ್ಬರೇ ಮಾಡಿಕೊಳ್ಳುವುದಿಲ್ಲ. ನಾಲ್ಕೈದು ಹೆಂಗಸರು ಕೂಡಿ ಒಂದು ದಿನ ಒಬ್ಬರ ಮನೆ, ಇನ್ನೊಂದು ದಿನ ಇನ್ನೊಬ್ಬರ ಮನೆ ಎಂದು ಮುಗಿಸುತ್ತಾರೆ. ಇದಕ್ಕೆ ಮುಯ್ಯಿ ಎನ್ನುತ್ತಾರೆ. ಅವರು ನಮ್ಮಲ್ಲಿಗೆ ಒಂದು ದಿನ ಬಂದರೆ ನಾವು ಅವರಲ್ಲಿಗೆ ಒಂದು ದಿನ ಹೋಗಬೇಕು. ಆಳಿಗೆ ಆಳು. ಹಣ ಕೊಟ್ಟು ತೀರಿಸುವಂತಿಲ್ಲ, ಕೂಲಿಯವರನ್ನು ಕಳಿಸಿದರೆ ಮರ್ಯಾದೆ ಹೋಗುತ್ತದೆ. ಹಿಂದಿನ ಬೇಸಿಗೆಯಲ್ಲಿ ನಾನು ಹಾಸಿಗೆಯಲ್ಲಿದ್ದಾಗ ಪದ್ಮವ್ವ, ಮುದಕವ್ವ ಮೊದಲಾದ ನಾಲ್ವರು ಬಂದು ನಮ್ಮ ಶಾವಿಗೆ ಮಾಡಿಕೊಟ್ಟು ಹೋಗಿದ್ದರು. ಮುತ್ತವ್ವ ಯಾರ ಮನೆಗೂ ಹೋಗಿರಲಿಲ್ಲ. ಈ ವರ್ಷ ತೀರಿಸೋಣವೆಂದರೆ ಅವಳ ಬಲಭುಜ ಹಿಡಿದುಕೊಂಡು ಕೈ ಮೇಲೇಳದಾಗಿತ್ತು. ಎರಡು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಹಂಗಾದ್ರ ನಾ ಹೋಗ್ತೀನಿ," ಎಂದೆ.

"ಎಲ್ಲಿಗ್ರಿ?"

"ಮುಯ್ಯಿಗೆ."

ಮುತ್ತವ್ವ ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. "ಮಷಿನ್ ಹಿಡಿಕಿ ತಿರವೂದು ಅಂದ್ರ ಸೀಟಿ ಊದಿದಂಗ ಅಲ್ರಿ," ಎಂದಳು. "ನಡಬರಕ ಬಿಟ್ಟು ಬಂದ್ರ ಮುಯ್ಯಿ ತೀರಿಲ್ಲ ಅಂತಾರ. ನಾಕು ಮಂದಿ ಮುಂದ ನನ್ನ ತಲಿ ಕೆಳಗ ಮಾಡಬ್ಯಾಡ್ರಿ."

ಅವಳ ಚಿಂತೆ ಮುಯ್ಯಿಯದಾಗಿತ್ತು. ನನ್ನದು ಬೇರೆ. ಈ ತೋಳಿಗೆ ಮತ್ತೆ ಜೀವ ಬರುತ್ತದೆಯೋ ಇಲ್ಲವೋ ಎಂದು ಡಾಕ್ಟರರನ್ನು ಕೇಳಲು ನನಗೆ ಧೈರ್ಯವಾಗಿರಲಿಲ್ಲ. ಶಾವಿಗೆ ಮಷಿನನ್ನು ಕೇಳಲು ಹೊರಟಿದ್ದೆ.

ಮೊದಲ ದಿನ ಪದ್ಮವ್ವನ ಮನೆ. ಪಡಸಾಲೆಯಲ್ಲಿ ಹಗ್ಗ ಹೆಣೆದ ಹೊರಸಿನ ಅಂಚಿಗೆ ಮಷಿನನ್ನು ತಿರುಪು ಹಾಕಿ ಬಿಗಿದಿದ್ದರು. ಮೇಲಿನ ಬಾಯಿಗೆ ಹಿಟ್ಟಿನ ಉಂಡೆ ತುರುಕಿ ಪಕ್ಕದ ಹಿಡಿಕೆ ತಿರುಗಿಸಿದರೆ ಕೆಳಗಿನಿಂದ ಎಳೆಗಳು ಇಳಿಯುತ್ತವೆ. ಎಪ್ಪತ್ತು ದಾಟಿದ ಮುದಕವ್ವ ಅವನ್ನು ಕೋಲಿನ ಮೇಲೆ ಹಿಡಿದು ಒಣಗಲು ಹಾಕುತ್ತಿದ್ದಳು. ಪದ್ಮವ್ವನ ಗಂಡ ಪರಸಪ್ಪ ಬಾಗಿಲಿಗೆ ಬಂದು ನನ್ನನ್ನು ನೋಡಿದ. ಇದು ಗಂಡಸರಿಂದ ಗಂಡಸರಿಗೆ ಹರಡುವ ಜಾಡ್ಯವೆಂದು ಬಗೆದನೋ ಏನೋ, ಚಪ್ಪಲಿಯನ್ನೂ ಮೆಟ್ಟದೆ ಹೊಲಕ್ಕೆ ಹೋದ.

ಎರಡು ಉಂಡೆ ತಿರುವಿ ಹಿಡಿಕೆಯನ್ನು ಮುಂದಿನವರಿಗೆ ಕೊಟ್ಟು ಕುಳಿತುಕೊಳ್ಳುವುದು ಅಲ್ಲಿಯ ಪದ್ಧತಿ. ನಾನು ಎರಡು ತಿರುವಿದೆ. ಪದ್ಮವ್ವ ಕೈ ಚಾಚಿದಳು, ನಾನು ಹಿಡಿಕೆ ಬಿಡಲಿಲ್ಲ. ಮೂರನೆಯದೂ ಆಯಿತು. ನಾಲ್ಕನೆಯದರ ನಡುವೆ ಕೈ ನಿಂತಿತು, ಮಷಿನು ನಿಂತಿತು, ಅದೇ ಮುಹೂರ್ತಕ್ಕೆ ಕಾದಿದ್ದಂತೆ ಒಳಗಿನಿಂದ ಝಳ ಎದ್ದಿತು. ಮೂಗಿನ ತುದಿಯಿಂದ ಬೆವರು ಹಿಟ್ಟಿಗೆ ಬೀಳದ ಹಾಗೆ ಮುಖ ತಿರುಗಿಸಿಕೊಂಡು, ಬಿಸಿಲು ಬಹಳ ಎಂದೆ.

ಐವತ್ತೈದು ದಾಟಿದ ನಾಲ್ವರು ಹೆಂಗಸರು ನನ್ನನ್ನು ನೋಡಿದರು.

"ಮಾಸ್ತರ, ಕಿವಿ ಹಿಂದಿಂದ ಏರತೈತೇನ್ರಿ?" ಎಂದು ಮುದಕವ್ವ ಕೇಳಿದಳು.

ಹೌದೆಂದು ತಲೆಯಾಡಿಸಿದೆ.

"ಎದಿಮಟ ಬಂದು, ಆಮ್ಯಾಲ ಬೆವರು?"

"ಹೌದ್ರಿ."

"ಬಿಸಿಲಲ್ರಿ ಅದು. ನನಗ ಏಳು ವರ್ಷ ಇತ್ತು. ಜ್ವಾಳಾ ಕೊಯ್ಯಾಗ ಬರ್ತಿತ್ತು. ಬಂದಾಗ ಬದುವಿನ ಮ್ಯಾಲ ಕುಂಡರ್ತಿದ್ದೆ, ಹೋದಾಗ ಎದ್ದು ಕೊಯ್ತಿದ್ದೆ. ಹಿಡಿಕಿ ಬಿಡ್ರಿ, ಪದ್ಮವ್ವ ತಿರವ್ತಾಳ."

ಎರಡು ವರ್ಷ ಇಡೀ ಊರಿನಿಂದ ಬಚ್ಚಿಟ್ಟಿದ್ದ ರಹಸ್ಯ ಹೀಗೆ ಶಾವಿಗೆಯ ಎಳೆಯಂತೆ ಹೊರಬಿತ್ತು. ಒಬ್ಬಳು ಮೊರದಿಂದ ಗಾಳಿ ಹಾಕಿದಳು. ಉಳಿದವರು ಮುಟ್ಟು ನಿಂತ ಕಾಲಕ್ಕೆ ತಮತಮಗೆ ಎಷ್ಟು ವರ್ಷ ಝಳ ಇತ್ತು, ಯಾವಾಗ ಬರುತ್ತಿತ್ತು, ಅತ್ತೆಯ ಮುಂದೆ ಬಂದರೆ ಏನು ಮಾಡುತ್ತಿದ್ದರು ಎಂಬುದನ್ನು ಮೆಣಸಿನಕಾಯಿಯ ಧಾರಣೆ ಮಾತಾಡುವಷ್ಟು ಸಮಾಧಾನದಿಂದ ಮಾತಾಡಿದರು. ನನ್ನನ್ನು ಯಾರೂ ಅಯ್ಯೋ ಎನ್ನಲಿಲ್ಲ. ಸರದಿ ಬಂದಾಗ ಎದ್ದೆ, ಎರಡು ಉಂಡೆ ತಿರುವಿ ಕುಳಿತೆ. ಮತ್ತೆ ಎದ್ದೆ, ಮತ್ತೆ ಕುಳಿತೆ. ಮಧ್ಯಾಹ್ನ ಎಣಿಸಿ ನೋಡಿದರೆ ಹನ್ನೊಂದು ಉಂಡೆ ತಿರುವಿದ್ದೆ, ಇನ್ನೂ ಕಾಲ ಮೇಲೆ ನಿಂತಿದ್ದೆ. ಮಿರಜದ ಡಾಕ್ಟರರು ಇಂಗ್ಲಿಷಿನಲ್ಲಿ ಓದಿ ಹೇಳಿದ ಶಾಸ್ತ್ರ ನಮ್ಮ ಓಣಿಯ ಹೆಂಗಸರಿಗೆ ಅವರ ಅಜ್ಜಿಯರ ಕಾಲದಿಂದಲೂ ಬಾಯಿಪಾಠವಾಗಿತ್ತು.

ಈ ಜ್ಞಾನೋದಯದ ಸುಖ ಸಂಜೆಯವರೆಗೂ ಉಳಿಯಲಿಲ್ಲ. ಪದ್ಮವ್ವ ಬಂದು ಮುತ್ತವ್ವನಿಗೆ ತೀರ್ಪು ಹೇಳಿದಳು. ಹನ್ನೆರಡು ವರ್ಷದೊಳಗಿನ ಹುಡುಗಿ ಮುಯ್ಯಿಗೆ ಬಂದರೆ ಅರ್ಧ ಆಳು ಎಂದು ಹಿಡಿಯುವುದು ವಾಡಿಕೆ. ಮಾಸ್ತರನ್ನೂ ಹಾಗೇ ಹಿಡಿದಿದ್ದೇವೆ, ಇನ್ನೊಂದು ದಿನ ಬರಬೇಕು.

ನಾನು ಪ್ರತಿಭಟಿಸಿದೆ. ಉಂಡೆಗಳ ಲೆಕ್ಕ ಒಪ್ಪಿಸಿದೆ. ಮೂವತ್ತೊಂದು ವರ್ಷದ ಸೇವೆಯನ್ನು ನೆನಪಿಸಿದೆ. ಮುತ್ತವ್ವ ಎಲ್ಲ ಕೇಳಿಸಿಕೊಂಡಳು. "ಅರ್ಧಾನರ ಹಿಡದಾರಲ್ರಿ," ಎಂದಳು. "ನಾ ಕಾಲಾಣೆ ಅಂದ್ಕೊಂಡಿದ್ದೆ." ಆ ರಾತ್ರಿ ಅವಳು ಎರಡು ರೊಟ್ಟಿ ತಿಂದಳು.

ಹೀಗೆ ನಾಲ್ಕು ಮನೆಗೆ ಎಂಟು ದಿನ. ನಡುನಡುವೆ ಬಿಡುವು ಸೇರಿ ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಿರಜಕ್ಕೂ ಹೋಗಿಬಂದೆವು. ರಿಪೋರ್ಟು ಮತ್ತೆ ಚೆನ್ನಾಗಿತ್ತು. ಡಾಕ್ಟರರು ನನ್ನ ತೋಳು ಒತ್ತಿ ನೋಡಿ, ಯಾವ ವ್ಯಾಯಾಮ ಮಾಡುತ್ತಿದ್ದೀರಿ ಎಂದು ಮೆಚ್ಚಿಕೊಂಡು ಕೇಳಿದರು. ನಾನು ದಂಡ, ಬೈಠಕ್ ಎನ್ನುವಷ್ಟರಲ್ಲಿ ಮುತ್ತವ್ವ ಶಾವಿಗೆ ಎಂದಳು. ಅವರು ಅದನ್ನು ಪಥ್ಯವೆಂದು ತಿಳಿದು, ಹೆಚ್ಚು ತಿನ್ನಬೇಡಿ ಎಂದರು.

ಎಂಟನೆಯ ದಿನ ಮುದಕವ್ವನ ಮನೆಯಲ್ಲಿ ಬಿಸಿಲು ಒಳಗೆ ಬಂತೆಂದು ಮಷಿನು ಸಮೇತ ಹೊರಸನ್ನು ನೆರಳಿಗೆ ಸರಿಸಬೇಕಾಯಿತು. ಒಂದು ತುದಿಗೆ ಇಬ್ಬರು ಹೆಂಗಸರು, ಇನ್ನೊಂದು ತುದಿಗೆ ನಾನೊಬ್ಬನೇ. ಎತ್ತಿ, ಇಟ್ಟು, ಕೈ ಕೊಡವಿಕೊಂಡ ಮೇಲೆಯೇ ನಾನು ಏನು ಮಾಡಿದೆ ಎಂಬುದು ನನಗೆ ಗೊತ್ತಾದದ್ದು. ತೋಳು ಮುಟ್ಟಿ ನೋಡಿಕೊಂಡೆ. ಇತ್ತು.

"ಮಾಸ್ತರ ಇವತ್ತಿಂದ ಪೂರಾ ಆಳ," ಎಂದಳು ಪದ್ಮವ್ವ.

ಜಿಲ್ಲಾ ಕ್ರೀಡಾಕೂಟದಲ್ಲಿ ನನಗೆ ಮೂರು ಪದಕ ಬಂದಿವೆ. ಅವನ್ನು ತೆಗೆದುಕೊಂಡು ಬರುವಾಗ ನನ್ನ ಕಣ್ಣು ಒದ್ದೆಯಾಗಿರಲಿಲ್ಲ. (ಆ ಇಂಜೆಕ್ಷನ್ನಿನಿಂದ ಕಣ್ಣೀರೂ ಬೇಗ ಬರುತ್ತದಂತೆ. ಇರಲಿ.) ಮನೆಗೆ ಬಂದು ಮುತ್ತವ್ವನಿಗೆ ಸುದ್ದಿ ಹೇಳಿದೆ. ಅವಳು ಖರೇನ್ರಿ ಎಂದು ಎರಡು ಸಲ ಕೇಳಿದಳು. ನನ್ನ ತೋಳನ್ನು ತಾನೂ ಮುಟ್ಟಿ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ನಿಂತು, ನಾಳೆ ನಮ್ಮ ಮನೆಯ ಶಾವಿಗೆಗೆ ಯಾರೂ ಬರುವುದು ಬೇಡ ಎಂದು ಎದುರುಮನೆಗೆ ಕೂಗಿ ಹೇಳಿದಳು.

"ಯಾಕ?" ಎಂದೆ. ಹಿಟ್ಟಿನ ಡಬ್ಬಿ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಮಗಳ ಮನೆಗೂ ಅದರಲ್ಲೇ ಕಳಿಸಬೇಕಿತ್ತು.

"ಪೂರಾ ಆಳ ಮನ್ಯಾಗ ಇರುವಾಗ ಮಂದಿ ಮುಯ್ಯಿ ಯಾಕ ಹೊತ್ಕೋಬೇಕ್ರಿ?"

ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಪದ್ಮವ್ವನ ಮನೆಗೆ ಹೋದೆ. ತೀರ್ಪಿನಲ್ಲಿ ಸ್ವಲ್ಪ ಅವಸರವಾಗಿದೆ, ಇನ್ನೊಂದು ವಾರ ನನ್ನನ್ನು ಅರ್ಧದಲ್ಲೇ ಇಡಿ ಎಂದು ವಿನಂತಿಸಿದೆ.

"ಆಗೂದಿಲ್ರಿ ಮಾಸ್ತರ. ಅರ್ಧಾ ಅಂದಾಗ ಜಗಳಾ ತಗದ್ರಿ. ಪೂರಾ ಅಂದ್ರೂ ಬಂದೀರಲ್ಲ."

"ಎರಡು ಉಂಡಿ ತಿರವಿ ನಾ ಕುಂತ್ರ, ಹಿಡಿಕಿ ಯಾರ ಹಿಡೀಬೇಕು?"

"ಹಿಡಿಕೀನೂ ಕುಂಡರ್ಲಿ," ಎಂದಳು ಪದ್ಮವ್ವ. "ಶಾವಗಿಗೆ ಏನ್ ಗಡಿಬಿಡಿ ಐತ್ರಿ?"

ಆ ವರ್ಷ ನಮ್ಮ ಮನೆಯ ಶಾವಿಗೆಗೆ ನಾಲ್ಕು ದಿನ ಹಿಡಿಯಿತು. ನಾನು ತಿರುವಿದೆ, ಮುತ್ತವ್ವ ಎಡಗೈಯಲ್ಲಿ ಎಳೆ ಹಿಡಿದಳು, ನಾನು ಕುಳಿತಾಗ ಅವಳೂ ಕುಳಿತಳು. ಹಿಟ್ಟನ್ನು ದಿನಾಲು ಹೊಸದಾಗಿ ನಾದಬೇಕೆಂಬುದೂ, ಅದೂ ಪೂರಾ ಆಳಿನ ಪಾಲಿನ ಕೆಲಸವೆಂಬುದೂ ನನಗೆ ತಿಳಿದದ್ದು ಎರಡನೆಯ ದಿನ.